ಬಂಡೆಯ ಹಿಂದಿನ ಜಾಗ

ನಾನು ಸ್ಕೂಲ್ ವ್ಯಾನ್ ಓಡಿಸುತ್ತೇನೆ. ಲಿಂಗಂಪಲ್ಲಿ ಸ್ಟೇಷನ್ನಿನಿಂದ ಆಚೆ ಒಂದು ದೊಡ್ಡ ಖಾಸಗಿ ಶಾಲೆ ಇದೆ. ಅಲ್ಲಿಯ ಮಕ್ಕಳನ್ನು ಬೆಳಿಗ್ಗೆ ತಂದು ಬಿಡುವುದು, ಸಂಜೆ ಒಯ್ದು ಬಿಡುವುದು ನನ್ನ ಕೆಲಸ. ನಾನು ಓದಿದ್ದು ಏಳನೆಯ ಕ್ಲಾಸು. ಮೊದಲ ಮೂರು ನಮ್ಮೂರಲ್ಲಿ ಕನ್ನಡದಲ್ಲಿ, ಉಳಿದದ್ದು ಇಲ್ಲಿ ತೆಲುಗಿನಲ್ಲಿ. ಎರಡೂ ಅರ್ಧಂಬರ್ಧ.

ಆ ಶಾಲೆಗೆ ಸೋಶಿಯಲ್ ಕಲಿಸಲು ಹೊಸ ಸರ್ ಒಬ್ಬರು ಬಂದರು. ರಾಜರ ಚರಿತ್ರೆ ಸಾಕು, ಮಕ್ಕಳು ತಾವಿರುವ ಏರಿಯಾದ ಚರಿತ್ರೆ ಕಲಿಯಬೇಕು ಎನ್ನುವುದು ಅವರ ಹಟ. ಹಾಗಾಗಿ ಶನಿವಾರ ಬಂತೆಂದರೆ ವ್ಯಾನ್ ತೆಗೆಸುತ್ತಿದ್ದರು. ಒಂದು ವಾರ ಸ್ಟೇಷನ್ ಹಿಂದಿನ ಗಲ್ಲಿಗಳು, ಒಂದು ವಾರ ಊರಿನ ಆ ತುದಿಯ ಕುಷಾಯಿಗೂಡ. ಸರ್ ಮುಂದಿನ ಸೀಟಿನಲ್ಲಿ ಕೂತು, ಹಿಂದಕ್ಕೆ ತಿರುಗಿ, ದಾರಿಯುದ್ದಕ್ಕೂ ಪಾಠ ಹೇಳುತ್ತಿದ್ದರು. ನಾನು ಬ್ರೇಕ್ ಹಾಕಿದಾಗಲೆಲ್ಲ ಅವರ ತಲೆ ಗಾಜಿಗೆ ಬಡಿಯುತ್ತಿತ್ತು. ಆದರೂ ನಿಲ್ಲಿಸುತ್ತಿರಲಿಲ್ಲ.

ಕುಷಾಯಿಗೂಡದಲ್ಲಿ ಫ್ಯಾಕ್ಟರಿಯಿಂದ ರಿಟೈರ್ ಆದ ಮುದುಕರೊಬ್ಬರನ್ನು ಮಕ್ಕಳು, "ತಾತಾ, ಮೊದಲು ಇಲ್ಲಿ ಏನಿತ್ತು?" ಎಂದು ಕೇಳಿದರು. ಅವರು ಮಕ್ಕಳನ್ನು ಮೇಲಿಂದ ಕೆಳಗೆ ನೋಡಿ, "ಶಿಸ್ತು ಇತ್ತು" ಎಂದು ಬಾಗಿಲು ಹಾಕಿಕೊಂಡರು. ಸರ್ ಅದನ್ನೂ ಬರೆದುಕೊಳ್ಳಿ ಎಂದರು.

ಅವರು ಯಾವಾಗಲೂ ಹೇಳುತ್ತಿದ್ದದ್ದು ಒಂದೇ ಮಾತು. "ಇಲ್ಲಿಯವರೆಗೆ ಯಾರನ್ನು ಯಾರೂ ಏನೂ ಕೇಳಿಲ್ಲವೋ ಅವರನ್ನು ಹುಡುಕಿ ಕೇಳಿ." ಒಂದು ಶನಿವಾರ ವ್ಯಾನಿನಲ್ಲಿ, "ನಿಮ್ಮ ಅಪಾರ್ಟ್‌ಮೆಂಟಿಗೆ ಎಲ್ಲರಿಗಿಂತ ಮೊದಲು ಬಂದವರು ಯಾರು?" ಎಂದು ಕೇಳಿದರು. ಹಿಂದಿನಿಂದ ಒಬ್ಬ ಹುಡುಗ, "ವಾಚ್‌ಮನ್ ತಾತ" ಎಂದ.

ಆ ವಾಚ್‌ಮನ್ ನನ್ನ ಅಪ್ಪ.

ನಮ್ಮದು ಸೇಡಂ ಕಡೆಯ ಒಂದು ಹಳ್ಳಿ. ಆ ಕಡೆಯಿಂದ ಬರುವ ರೈಲು ಹೈದರಾಬಾದ್ ಮುಟ್ಟುವಾಗ ಮೊದಲು ಸಿಗುವುದು ಲಿಂಗಂಪಲ್ಲಿ. ಕೂಲಿಗೆ ಬರುವ ನಮ್ಮವರು ಅಲ್ಲೇ ಇಳಿಯುತ್ತಾರೆ, ಅಲ್ಲೇ ಕೂಲಿಯವರ ಅಡ್ಡಾದಲ್ಲಿ ನಿಲ್ಲುತ್ತಾರೆ, ಯಾರು ಕರೆದರೆ ಅವರ ಟ್ರಾಲಿ ಹತ್ತುತ್ತಾರೆ. ಅಪ್ಪ ಅವ್ವ ಹಾಗೆ ಹತ್ತಿದ ಟ್ರಾಲಿ ಈ ಅಪಾರ್ಟ್‌ಮೆಂಟ್ ಕಟ್ಟುವ ಜಾಗಕ್ಕೆ ಬಂತು. ಆಗ ನಾನು ಸಣ್ಣವನು. ಹಿಂದಿನ ಕಾಂಪೌಂಡಿಗೆ ಒತ್ತಿಕೊಂಡು ಕೂಲಿಯವರ ತಗಡಿನ ಜೋಪಡಿಗಳಿದ್ದವು. ಅಪ್ಪ ಕಾಂಕ್ರೀಟಿಗೆ ಹಲಗೆ ಕಟ್ಟುವ ಸೆಂಟ್ರಿಂಗ್ ಕೆಲಸಕ್ಕಿದ್ದ. ಅವ್ವ ಬುಟ್ಟಿ ಹೊರುತ್ತಿದ್ದಳು.

ಅಲ್ಲೇ ನನಗೊಬ್ಬಳು ತಂಗಿ ಹುಟ್ಟಿದಳು. ಹೆಸರಿಡುವ ಮೊದಲೇ ಹೋದಳು. ಜ್ವರ ಎಂದರು, ಮತ್ತೇನೋ ಎಂದರು. ನಮ್ಮಲ್ಲಿ ಹಲ್ಲು ಬರದ ಕೂಸನ್ನು ಸುಡುವುದಿಲ್ಲ, ಹೂಳುತ್ತಾರೆ. ದೂರವೂ ಒಯ್ಯುವುದಿಲ್ಲ, ಮನೆಯ ಸಮೀಪವೇ ಇಡುತ್ತಾರೆ. ಜೋಪಡಿಗಳ ಕೊನೆಗೆ ಎಮ್ಮೆಯಷ್ಟು ದೊಡ್ಡ ಬಂಡೆಯೊಂದಿತ್ತು. ಅಪ್ಪ ಅದರ ಹಿಂದೆ ಗುಂಡಿ ತೋಡಿ, ಉಪ್ಪು ಹಾಕಿ, ಕೂಸನ್ನು ಇಟ್ಟು, ನಾಯಿ ಕೆದರದ ಹಾಗೆ ಮೇಲೆ ಜಾಲಿಮುಳ್ಳು ಹೇರಿದ. ಮುಳ್ಳು ಎಳೆದು ತಂದು ಕೊಟ್ಟವನು ನಾನು. ಅಂಗೈ ಹರಿದಿತ್ತು.

ಕಟ್ಟಡ ಮುಗಿಯಿತು. ಜೋಪಡಿ ಕಿತ್ತರು. ಜೊತೆಗಿದ್ದವರೆಲ್ಲ ವಿಮಾನ ನಿಲ್ದಾಣದ ಕಡೆ, ಶಂಶಾಬಾದಿಗೆ, ಮುಂದಿನ ಕೆಲಸಕ್ಕೆ ಹೋದರು. ಸೋದರಮಾವನೂ ಹೋದ. ಅಪ್ಪ ಹೋಗಲಿಲ್ಲ. ಬಿಲ್ಡರ್‌ನ ಕಾಲು ಹಿಡಿದು ವಾಚ್‌ಮನ್ ಕೆಲಸ ಕೇಳಿ ಪಡೆದ. ಮೆಟ್ಟಿಲ ಕೆಳಗಿನ ರೂಮು ನಮ್ಮ ಮನೆಯಾಯಿತು. "ಮೇಸ್ತ್ರಿ ಆಗಾಂವ ಗೇಟ್ ಕಾಯಾಕ ಕುಂತಾನ" ಎಂದು ಮಾವ ನಕ್ಕ. ಯಾಕೆ ಕುಂತ ಎನ್ನುವುದು ನಮ್ಮ ಮೂವರಿಗೆ ಗೊತ್ತಿತ್ತು. ಬಂಡೆ ಇದ್ದ ಮೂಲೆಯಲ್ಲಿ ಹುಲ್ಲು ಹಾಸಿ, ಜಾರುಬಂಡಿ, ಜೋಕಾಲಿ ಇಟ್ಟು ಮಕ್ಕಳ ಆಟದ ಲಾನ್ ಮಾಡಿದ್ದರು. ಬಂಡೆಯನ್ನು ಮಾತ್ರ ಚಂದ ಕಾಣುತ್ತದೆ ಎಂದು ಬಿಟ್ಟಿದ್ದರು. ಪ್ರತಿ ಅಮಾವಾಸ್ಯೆ ನಸುಕಿನಲ್ಲಿ ಅಪ್ಪ ಅದರ ಹಿಂದೆ ಎರಡು ಊದಿನಕಡ್ಡಿ ಹಚ್ಚಿ ಬರುತ್ತಿದ್ದ.

ಫ್ಲ್ಯಾಟಿನ ಹೆಂಗಸರು ಇದನ್ನು ನೋಡಿದರು. ವಾಚ್‌ಮನ್ ಪೂಜೆ ಮಾಡುತ್ತಾನೆಂದರೆ ಬಂಡೆಯಲ್ಲಿ ಏನೋ ಇದೆ ಎಂದುಕೊಂಡರು. ಮೊದಲು ಒಬ್ಬರು ಅರಿಸಿನ ಹಚ್ಚಿದರು, ಆಮೇಲೆ ಕುಂಕುಮ ಬಂತು, ಆಮೇಲೆ ಕಾಯಿ. ಎಲ್ಲರಿಗಿಂತ ಮುಂದೆ ಇದ್ದವರು ನಾಲ್ಕನೆಯ ಮಹಡಿಯ ಧಾರವಾಡ ಕಡೆಯ ಮೇಡಂ. ಅವರ ಗಂಡ ದೊಡ್ಡ ನೌಕರಿಯವರು. ಇಡೀ ಅಪಾರ್ಟ್‌ಮೆಂಟಿನಲ್ಲಿ ಅವ್ವನ ಜೊತೆ ಕನ್ನಡ ಮಾತಾಡುತ್ತಿದ್ದವರು ಅವರೊಬ್ಬರೇ. ಹಬ್ಬಕ್ಕೆ ಹೋಳಿಗೆ ಕಳಿಸುತ್ತಿದ್ದರು, ಉಟ್ಟ ಸೀರೆ ಕೊಡುತ್ತಿದ್ದರು, "ನೀವು ನಮ್ಮ ಕಡಿಯವ್ರು" ಎನ್ನುತ್ತಿದ್ದರು. ಕಾಯಿ ಒಡೆದ ದಿನ ಒಂದು ಹೋಳು ಅಪ್ಪನಿಗೆ ಕೊಡುತ್ತಿದ್ದರು. ಅಪ್ಪ ತಿನ್ನುತ್ತಿದ್ದ.

ಸರ್ ಮಕ್ಕಳನ್ನು ಕರೆದುಕೊಂಡು ಬಂದ ಶನಿವಾರ ಅಪ್ಪ ನೀಲಿ ಅಂಗಿ, ಟೋಪಿ ಹಾಕಿಕೊಂಡು ಲಾನಿನಲ್ಲಿ ನಿಂತಿದ್ದ. ಸರ್ ಬಂಡೆಯ ಮೇಲೆ ಕೈಯಿಟ್ಟು ಶುರು ಮಾಡಿದರು. ಈ ಊರಲ್ಲಿ ಕೆರೆ ಹೋಯಿತು, ಹೊಲ ಹೋಯಿತು, ಜನ ಹೋದರು, ಬಂದರು. ಈ ಬಂಡೆ ಒಂದೇ ಕದಲದೆ ಕೂತಿರುವುದು, ಇದೇ ಇಲ್ಲಿಯ ಮೊದಲ ಸಾಕ್ಷಿ ಎಂದರು. ಮಕ್ಕಳು ಬಂಡೆಯ ಫೋಟೋ ತೆಗೆದರು. ಅಪ್ಪ ತಲೆಯಾಡಿಸಿದ. ಸರ್ ಹೇಳಿದ್ದು ಇಂಗ್ಲಿಷಿನಲ್ಲಿ, ಅಪ್ಪನಿಗೆ ಒಂದಕ್ಷರ ತಿಳಿದಿರಲಿಲ್ಲ. ಆದರೆ ಅವರು ಕೈಯಿಟ್ಟ ಜಾಗ ನೋಡಿ ತಲೆಯಾಡಿಸಿದ.

ಅಪ್ಪನಿಗೆ ಬರುವ ಹಿಂದಿ ಗೇಟಿನ ಹಿಂದಿ. ಕೌನ್ ಸಾ ಫ್ಲ್ಯಾಟ್, ಕಿಸ್ಕೆ ಪಾಸ್ ಜಾನಾ, ಇಧರ್ ಸೈನ್ ಕರೋ. ಅದರಿಂದ ಮುಂದಕ್ಕೆ ಕನ್ನಡವೇ ಬೇಕು. ಸರ್ ನನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಅಪ್ಪ ಹೇಳಿದ್ದನ್ನು ಹಿಂದಿಯಲ್ಲಿ ಹೇಳು ಎಂದರು.

ನಾನು ಅಪ್ಪನಿಗೆ ಮೊದಲೇ ಹೇಳಿದೆ. "ಇಲ್ಲಿ ಮೊದಲ ಏನಿತ್ತು ಅಂತ ಕೇಳಾಕತ್ತಾರ. ಕಲ್ಲಿತ್ತು, ಜಾಲಿ ಇತ್ತು ಅನ್ನು. ಸಾಕು."

"ಯಾರು ಕೇಳಾಕತ್ತಾರ? ಈ ಸಣ್ಣ ಹುಡುಗೂರಾ?"

"ಹೌದು."

"ಯಾಕ?"

"ಸಾಲ್ಯಾಗ ಬರೀಬೇಕಂತ."

"ನಾ ಹೇಳಿದ್ದು ಬರೀತಾರೇನು?" ಎಂದ ಅಪ್ಪ. ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡ. ಅದನ್ನು ನೋಡಿಯೇ ನನಗೆ ಕೆಲಸ ಕೆಟ್ಟಿತು ಎನ್ನಿಸಿತು.

ಅಪ್ಪ ಹೇಳತೊಡಗಿದ. "ನಾವ್ ಬಂದಾಗ ಇಲ್ಲಿ ಏನೂ ಇರಲಿಲ್ರಿ. ಜಾಲಿ, ಕಲ್ಲು, ಹಾವು. ಆ ಗ್ವಾಡಿ ಬಾಜೂಕ ನಮ್ಮ ಜೋಪಡಿ ಇದ್ವು. ಇವರವ್ವ ಬಸುರಿ ಇದ್ದಾಗನೂ ಬುಟ್ಟಿ ಹೊತ್ತಾಳ್ರಿ. ಹೆಣ್ಣು ಕೂಸು ಹುಟ್ತು. ಹೆಸರ ಇಡೂದ್ರಾಗ ಹೋತು. ಈ ಕಲ್ಲಿನ ಹಿಂದ ಮಣ್ಣು ಮಾಡೀನಿ. ಉಪ್ಪು ಹಾಕಿ ಇಟ್ಟೀನಿ. ಅದಕ್ಕ ನಾ ಎಲ್ಲೂ ಹೋಗಿಲ್ರಿ, ಇಲ್ಲೇ ಅದೀನಿ."

ಸರ್ ನನ್ನ ಕಡೆ ನೋಡಿದರು. ನಾನು ಹಿಂದಿಯಲ್ಲಿ, "ಮೊದಲು ಇಲ್ಲಿ ಜಾಲಿ, ಕಲ್ಲು, ಹಾವು ಇದ್ದವಂತೆ. ಅಮ್ಮ ಇಲ್ಲೇ ಕೆಲಸ ಮಾಡಿದಳಂತೆ. ಅಪ್ಪನಿಗೆ ಈ ಜಾಗ ಇಷ್ಟವಂತೆ" ಎಂದೆ.

"ಸರ್, ಅಂಕಲ್ ಪೂರ್ತಿ ಹೇಳಲಿಲ್ಲ."

ಧಾರವಾಡ ಮೇಡಂ ಅವರ ಮಗಳು. ಆರನೆಯ ಕ್ಲಾಸಿನವಳು. ನನ್ನ ವ್ಯಾನಿನಲ್ಲಿ ಕಿಟಕಿಯ ಪಕ್ಕ ಕೂರುವವಳು. "ನಮ್ಮ ಮನೇಲಿ ಕನ್ನಡವೇ ಮಾತಾಡೋದು ಸರ್. ತಾತ ಬೇಬಿ ಬಗ್ಗೆ ಹೇಳಿದರು. ಅವರ ಬೇಬಿ ಸತ್ತು ಹೋಯಿತಂತೆ. ಇದೇ ಕಲ್ಲಿನ ಹಿಂದೆ ಹೂಳಿದಾರಂತೆ. ಉಪ್ಪು ಹಾಕಿ."

ಒಬ್ಬ ಹುಡುಗ, "ಉಪ್ಪು ಯಾಕೆ? ಉಪ್ಪಿನಕಾಯಿ ಥರಾನಾ?" ಎಂದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಸರ್ ಅವನ ಬೆನ್ನಿಗೊಂದು ಹಾಕಿದರು. ಮಕ್ಕಳು ನಗುತ್ತಿದ್ದಾರೆಂದು ಅಪ್ಪನೂ ನಕ್ಕ.

ಹುಡುಗಿ ಅಪ್ಪನ ಹತ್ತಿರ ಹೋಗಿ ಕನ್ನಡದಲ್ಲೇ ಕೇಳಿದಳು. "ತಾತಾ, ಕರೆಕ್ಟಾಗಿ ಯಾವ ಜಾಗ?"

"ಇಲ್ಲಿ ನೋಡವ್ವಾ" ಎಂದು ಅಪ್ಪ ಬಗ್ಗಿ ಅಂಗೈಯಿಂದ ಹುಲ್ಲು ಸವರಿ ತೋರಿಸಿದ. ಜಾರುಬಂಡಿ ಮುಗಿಯುವ ಜಾಗ. ಮೇಲೆ ಜಾರಲು ಕೂತಿದ್ದ ಸಣ್ಣ ಹುಡುಗ ಮೆಟ್ಟಿಲ ಕಡೆಯಿಂದ ಇಳಿದು ಮನೆಗೆ ಓಡಿದ.

ಸರ್ ಕಣ್ಣು ಒರೆಸಿಕೊಂಡರು. ಅಪ್ಪನ ಎರಡೂ ಕೈ ಹಿಡಿದು, "ಇದು ಚರಿತ್ರೆ, ಮಕ್ಕಳೇ, ಇದು ನಿಜವಾದ ಚರಿತ್ರೆ" ಎಂದರು. ಅಪ್ಪ ಅವತ್ತು ಊಟಕ್ಕೆ ಕೂತು, ಏನೂ ಇಲ್ಲದೆ ಸುಮ್ಮಸುಮ್ಮನೆ ನಗುತ್ತಿದ್ದ. "ಆ ಸರ್ ನನ್ನ ಕೈ ಹಿಡದ್ನಲೇ" ಎಂದು ಅವ್ವನಿಗೆ ಹೇಳಿದ. ಅವ್ವ ರೊಟ್ಟಿ ತಟ್ಟುತ್ತಿದ್ದಳು. "ಏನ ಹೇಳಿದ್ರಿ ಅವರಿಗೆ?" ಎಂದು ಕೇಳಿದಳು. ಹೇಳಿದ ಮೇಲೆ ರೊಟ್ಟಿ ಹೊತ್ತಿತು.

ಸಂಜೆ ಆಗುವುದರೊಳಗೆ ಎಲ್ಲ ಫ್ಲ್ಯಾಟಿಗೂ ಮುಟ್ಟಿತ್ತು. ಮೊದಲು ಬಂದವರು ಧಾರವಾಡ ಮೇಡಂ. ನಮ್ಮ ರೂಮಿನ ಒಳಗೆ ಕಾಲಿಡಲಿಲ್ಲ, ಹೊರಗೆ ನಿಂತೇ ಕೂಗಿದರು.

"ಹೆಣದ ಮ್ಯಾಲೆ ನನ್ನ ಕೈಲೆ ಕುಂಕುಮ ಹಚ್ಚಿಸಿದ್ಯಲ್ಲೋ! ಎಷ್ಟು ಕಾಯಿ ಒಡದೀನಿ ನಾ ಅಲ್ಲಿ!"

"ನಾ ಒಡೀರಿ ಅಂತ ಹೇಳಿದ್ನೇನ್ರಿ ಅಕ್ಕಾರ?" ಎಂದ ಅಪ್ಪ.

"ಒಡೀಬ್ಯಾಡ್ರಿ ಅಂತಾದ್ರೂ ಹೇಳಬೇಕಿತ್ತಿಲ್ಲೋ? ಕಾಯಿ ಹೋಳು ಕೊಟ್ರ ಇಸ್ಕೊಂಡು ಇಸ್ಕೊಂಡು ತಿಂದಿ!"

"ಅಕ್ಕಾರ, ನೀವು ನಮ್ಮ ಕಡಿಯವ್ರು..." ಎಂದಳು ಅವ್ವ.

"ಯಾರ ನಿಮ್ಮ ಕಡಿಯವ್ರು? ನಮ್ಮ ಕಡೆ ಹೆಣದ ಮ್ಯಾಲೆ ಮಕ್ಕಳನ್ನ ಆಡಾಕ ಬಿಡ್ತಾರೇನು?"

ಆಮೇಲೆ ಸೆಲ್ಲಾರಿನಲ್ಲಿ ಕಮಿಟಿಯವರ ಮೀಟಿಂಗ್ ಆಯಿತು. ಕಾರುಗಳ ನಡುವೆ ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ಕುರ್ಚಿ ಜೋಡಿಸಿದವನು ಅಪ್ಪನೇ. ಕೂತವರು ಅಪ್ಪನ ಮುಂದೆಯೇ ಅಪ್ಪನ ಬಗ್ಗೆ ಮಾತಾಡಿದರು. ಒಬ್ಬರು ತಮ್ಮ ಫ್ಲ್ಯಾಟ್ ಮಾರಲು ಇಟ್ಟಿದ್ದೇವೆ, ಈಗ ಯಾರು ಬರುತ್ತಾರೆ ಎಂದರು. ಒಬ್ಬರು ಮಗಳು ನಿದ್ದೆಯಲ್ಲಿ ಚೀರುತ್ತಾಳೆ ಎಂದರು, ಸುದ್ದಿ ತಿಳಿದು ಒಂದು ರಾತ್ರಿಯೂ ಆಗಿರಲಿಲ್ಲ. ಒಬ್ಬರು ಮಾತ್ರ, ಪಾಪ ಬಿಡಿ ಎಂದರು. ಅವರು ಬಾಡಿಗೆಯವರು, ಅವರ ಮಾತು ಲೆಕ್ಕಕ್ಕಿಲ್ಲ ಎಂದು ಸೆಕ್ರೆಟರಿ ಹೇಳಿದರು.

ಸೆಕ್ರೆಟರಿ ಆಫೀಸರ್ ಆಗಿ ರಿಟೈರ್ ಆದ ತೆಲುಗಿನವರು. ಅವರು ದನಿ ಏರಿಸುವುದಿಲ್ಲ. ನನ್ನನ್ನು ಕರೆದು ತೆಲುಗಿನಲ್ಲಿ ಹೇಳಿದರು. "ನಿಮ್ಮಪ್ಪನಿಗೆ ತಿಳಿಸಿ ಹೇಳು. ನಾಳೆ ಬಿಟ್ಟು ಮುಂದಿನ ಭಾನುವಾರ ಬೆಳಿಗ್ಗೆ ಅವನೇ ಅಗೆದು ತೆಗೆಯಲಿ. ಸಿಕ್ಕದ್ದನ್ನು ನಿಮ್ಮೂರಿಗೆ ಒಯ್ದು ಹೂಳಲಿ. ನಾವು ಶಾಂತಿ ಮಾಡಿಸಿಕೊಳ್ಳುತ್ತೇವೆ. ಅಷ್ಟಾದರೆ ಅವನ ಕೆಲಸವೂ ಇರುತ್ತದೆ, ರೂಮೂ ಇರುತ್ತದೆ. ಇಲ್ಲವೆಂದರೆ ತಿಂಗಳ ಕೊನೆಗೆ ಖಾಲಿ ಮಾಡಿ."

ಅಪ್ಪ ಬೇಡ ಎನ್ನುತ್ತಾನೆ ಎಂದುಕೊಂಡಿದ್ದೆ. ಅವನು ಹೂಂ ಎಂದ. ಮರುದಿನವೇ ಪೇಟೆಗೆ ಹೋಗಿ ಬಿಳಿ ಬಟ್ಟೆ, ಒಂದು ಹೊಸ ಮಣ್ಣಿನ ಗಡಿಗೆ ತಂದ. "ಊರಾಗ ನಮ್ಮವ್ವನ ಬಾಜೂಕ ಇಡೋಣು. ಇಲ್ಲಿ ಹುಡುಗೂರು ಮ್ಯಾಲೆ ಜಿಗದಾಡ್ತಾವ. ಅಲ್ಲಿ ತಣ್ಣಗ ಇರ್ತೈತಿ" ಎಂದ. ಎಷ್ಟೋ ವರ್ಷದಿಂದ ಇದನ್ನೇ ಯೋಚಿಸುತ್ತಿದ್ದವನ ಹಾಗೆ ಹೇಳಿದ.

ಅವ್ವ ಮಾತ್ರ ಬೇಡ ಎಂದಳು. "ಅಗೀಬ್ಯಾಡ್ರಿ. ಕೆಲಸ ಹೋದ್ರ ಹೋಗ್ಲಿ. ನಡೀರಿ, ಶಂಶಾಬಾದಿಗೆ ಹೋಗೋಣು, ನಮ್ಮಣ್ಣ ಅದಾನ."

"ನಿಮ್ಮಣ್ಣನ ಮನಿ ಬಾಗಲಾ ಕಾಯೂದಕ್ಕಿಂತ ಇದು ಬೇಸ ಐತಿ ಬಿಡು."

"ನಾ ಹೇಳೂದು ಕೇಳ್ರಿ."

"ಹೊತ್ತಾಕಿ ನೀ, ನಿನಗ ಮನಸಿಲ್ಲೇನು?" ಎಂದ ಅಪ್ಪ. ಅವ್ವನ ಮುಂದೆ ಮೊರದಲ್ಲಿ ಅಕ್ಕಿ ಇತ್ತು, ಆರಿಸಿದ್ದನ್ನೇ ಮತ್ತೆ ಆರಿಸುತ್ತ ಕೂತಳು.

ಭಾನುವಾರ ಬೆಳಿಗ್ಗೆ ಎಲ್ಲ ಬಾಲ್ಕನಿಗಳಲ್ಲೂ ಜನ. ಕೈಯಲ್ಲಿ ಚಹಾ ಕಪ್ಪು. ಕೆಳಗೆ ಕಮಿಟಿಯವರು, ಮೂಗಿಗೆ ಕರ್ಚೀಫು ಹಿಡಿದುಕೊಂಡು. ಇನ್ನೂ ಗುದ್ದಲಿ ಬಿದ್ದಿರಲಿಲ್ಲ, ಆಗಲೇ ಮೂಗು ಮುಚ್ಚಿದ್ದರು. ಸರ್ ಕೂಡ ಬಂದರು, ಆ ಮಕ್ಕಳನ್ನೂ ಕರೆಸಿದ್ದರು. "ಇದು ಮಕ್ಕಳು ನೋಡಬೇಕಾದದ್ದು, ಗೌರವದಿಂದ ನೋಡಲಿ" ಎಂದು ಸೆಕ್ರೆಟರಿಯನ್ನು ಒಪ್ಪಿಸಿದ್ದರು. ಧಾರವಾಡ ಮೇಡಂ ಮಗಳ ಹೆಗಲ ಮೇಲೆ ಕೈಯಿಟ್ಟು ನಿಂತಿದ್ದರು.

ಅಪ್ಪ ಸ್ನಾನ ಮಾಡಿ ಬಂದಿದ್ದ. ಬಿಳಿ ಬಟ್ಟೆ ಬಂಡೆಯ ಮೇಲೆ ಹಾಸಿ, ಗಡಿಗೆ ಪಕ್ಕಕ್ಕಿಟ್ಟು, ಹುಲ್ಲಿಗೆ ಕೈ ಮುಗಿದು ಗುದ್ದಲಿ ಹಾಕಿದ. ಹುಲ್ಲು ಚಾಪೆಯ ಹಾಗೆ ಎದ್ದು ಬಂತು. ಕೆಳಗೆ ಕೆಂಪು ಮಣ್ಣು. ಅದರ ಕೆಳಗೆ ಟೈಲ್ಸಿನ ಚೂರು. ಅಪ್ಪ ಗುದ್ದಲಿ ಬಿಟ್ಟು ಕೈಯಿಂದ ಕೆದರತೊಡಗಿದ. ಸಿಮೆಂಟ್ ಚೀಲ ಬಂತು. ಮುರಿದ ಇಟ್ಟಿಗೆ ಬಂತು. ಒಂದು ಗುಟ್ಕಾ ಪಾಕೀಟು ಬಂತು. ಆಮೇಲೆ ಬಿಳಿ ಬಣ್ಣದ್ದೇನೋ ಕಾಣಿಸಿತು. ಮೇಲಿನ ಬಾಲ್ಕನಿಯಲ್ಲಿ ಯಾರೋ ಚೀರಿದರು. ಅಪ್ಪ ಬೆರಳಿನಿಂದ ಸವರಿದ. ನೀರಿನ ಪೈಪು.

"ಪೈಪಿನ ಆಕಡಿ ಇರ್ತೈತಿ" ಎಂದು ಅಪ್ಪ ಆ ಕಡೆ ಅಗೆದ. ಇಲ್ಲ. ಬಂಡೆಯ ಬುಡಕ್ಕೆ ಅಗೆದ. ಇಲ್ಲ. ಬಿಸಿಲು ಏರಿತು. ಬಾಲ್ಕನಿಯವರು ಒಬ್ಬೊಬ್ಬರೇ ಒಳಗೆ ಹೋದರು. ಉಪ್ಪಿನಕಾಯಿ ಎಂದಿದ್ದ ಹುಡುಗ ಆಕಳಿಸಿದ. ನಾನು ಸಲಿಕೆ ಹಿಡಿದು ಗುಂಡಿಗೆ ಇಳಿದೆ. "ನೀ ಮುಟ್ಟಬ್ಯಾಡ, ಸಲಿಕಿ ಬಡೀತೈತಿ ಅದಕ್ಕ" ಎಂದು ಅಪ್ಪ ನನ್ನನ್ನು ಹೊರಗೆ ದೂಡಿದ. ಅವನ ಉಗುರುಗಳಲ್ಲಿ ರಕ್ತ ಇತ್ತು.

ಆಗ ಅವ್ವ ಬಂದಳು. ಗುಂಡಿಯ ಅಂಚಿಗೆ ನಿಂತು, "ಸಾಕು ಬಿಡ್ರಿ. ಅದು ಇಲ್ಲಿಲ್ಲ" ಎಂದಳು.

"ನಿನಗೇನ ಗೊತ್ತು ಲೇ? ಇಟ್ಟಾಂವ ನಾ."

"ಇಟ್ಟಾವ್ರು ನೀವು. ತಗದಿದ್ದು ನಾ ನೋಡೀನಿ."

ಅಪ್ಪ ಗುಂಡಿಯೊಳಗಿಂದ ತಲೆ ಎತ್ತಿ ನೋಡಿದ.

"ನಿಮ್ಮಪ್ಪನ ಮಣ್ಣಿಗೆ ಊರಿಗೆ ಹೋಗಿದ್ರಲ್ಲ, ಆವಾಗ. ಪೈಪ್ ಹಾಕಾಕ ಜೆಸಿಬಿ ಬಂತು. ಕಲ್ಲು ಎತ್ತಿ ಆಕಡಿ ಇಟ್ರು. ಇಲ್ಲಿ ಮಣ್ಣೆಲ್ಲಾ ಬಳದು ಟಿಪ್ಪರಿಗೆ ಹಾಕಿದ್ರು. ಆಮ್ಯಾಲೆ ಆ ಕಲ್ಲು ತಂದು ಇಲ್ಲಿ ಇಟ್ರು, ಚಂದ ಕಾಣತೈತಿ ಅಂತ. ಇದು ಆ ಜಾಗನೂ ಅಲ್ಲ. ನೀವು ಕಲ್ಲು ನೋಡಿ ಜಾಗ ಗುರ್ತು ಹಿಡಿದ್ರಿ."

"ನೀ ಏನ ಮಾಡಿದಿ ಆವಾಗ?"

"ಬುಟ್ಟಿ ಹೊತ್ತೆ. ಮೇಸ್ತ್ರಿ ನಿಂತಿದ್ದ."

"ನನಗ ಯಾಕ ಹೇಳಲಿಲ್ಲ?"

"ಹೇಳಿದ್ರ ನೀವು ಟಿಪ್ಪರಿಗೆ ಕಲ್ಲ ಒಗೀತಿದ್ರಿ. ಇಬ್ಬರದೂ ಕೂಲಿ ಹೋಗ್ತಿತ್ತು. ಈ ಹುಡುಗ ಸಣ್ಣಾಂವ ಇದ್ದ."

ಅಪ್ಪ ಗುಂಡಿಯಲ್ಲೇ ಕೂತುಬಿಟ್ಟ.

ಸೆಕ್ರೆಟರಿ, "ಆ ಹೆಂಗಸು ಏನು ಹೇಳುತ್ತಿದ್ದಾಳೆ?" ಎಂದು ಹಿಂದಿಯಲ್ಲಿ ಕೇಳಿದರು. ನಾನು ಬಾಯಿ ತೆರೆಯುವ ಮೊದಲು ಧಾರವಾಡ ಮೇಡಂ ಹೇಳಿಬಿಟ್ಟರು. "ಇಲ್ಲಿ ಏನೂ ಇರಲಿಲ್ಲವಂತೆ. ಮುದುಕನಿಗೆ ತಲೆ ಸರಿಯಿಲ್ಲ ಅಂತಿದ್ದಾಳೆ."

ನಾನು ಹುಡುಗಿಯನ್ನು ನೋಡಿದೆ. ಅವಳು ಎಲ್ಲ ಕೇಳಿಸಿಕೊಂಡಿದ್ದಳು. ಎಲ್ಲ ತಿಳಿದಿತ್ತು ಅವಳಿಗೆ. ಅಮ್ಮನ ಕಡೆ ಕತ್ತೆತ್ತಿ ನೋಡಿದಳು. ಹೆಗಲ ಮೇಲಿದ್ದ ಕೈ ಬಿಗಿಯಾಯಿತು. ಹುಡುಗಿ ತನ್ನ ಶೂ ನೋಡುತ್ತ ನಿಂತಳು.

"ಹಾಗಲ್ಲ ಸಾರ್," ಎಂದೆ ನಾನು. "ಇಲ್ಲಿಯ ಮಣ್ಣನ್ನು ಟಿಪ್ಪರಿನಲ್ಲಿ..."

"ನೀನು ಸುಮ್ಮನಿರು. ಮೊದಲ ದಿನವೇ ಸುಳ್ಳು ತರ್ಜುಮೆ ಮಾಡಿದವನು ನೀನು. ಮಕ್ಕಳ ಎದುರಿಗೆ ಸಿಕ್ಕಿಬಿದ್ದಿದ್ದೀಯ," ಎಂದರು ಸೆಕ್ರೆಟರಿ. ಸರ್ ಕಡೆ ತಿರುಗಿ, "ಹೌದೋ ಅಲ್ಲವೋ?" ಎಂದರು. ಸರ್ ಹೌದು ಎಂದರು. ಇನ್ನೇನು ಹೇಳಲು ಬರುತ್ತಿತ್ತು ಅವರಿಗೆ.

ಮುಖದ ಮೇಲಿನ ಕರ್ಚೀಫುಗಳು ಇಳಿದವು. ಎಲ್ಲರೂ ನಗುನಗುತ್ತ ಮಾತಾಡತೊಡಗಿದರು. ಸೆಕ್ರೆಟರಿ ಗುಂಡಿಯ ಹತ್ತಿರ ಬಂದು ಅಪ್ಪನಿಗೆ ತಿಳಿಯುವ ಹಿಂದಿಯಲ್ಲಿ ಹೇಳಿದರು. ಹೆಣ ಸಿಕ್ಕಿದ್ದರೆ ಇಟ್ಟುಕೊಳ್ಳುತ್ತಿದ್ದೆವು. ಸುಳ್ಳು ಹೇಳಿ ಮಕ್ಕಳನ್ನು ಹೆದರಿಸುವವನನ್ನು ಗೇಟಿನಲ್ಲಿ ಹೇಗೆ ಇಟ್ಟುಕೊಳ್ಳುವುದು? ಹೋಗುವ ಮೊದಲು ಗುಂಡಿ ಮುಚ್ಚಿ, ಹುಲ್ಲು ಮೊದಲಿದ್ದ ಹಾಗೆ ಹಾಸಿ ಹೋಗು.

ಅಪ್ಪ ಮುಚ್ಚಿದ. ಹುಲ್ಲು ಹಾಸಿ, ಕಾಲಿಂದ ತುಳಿದು ಸಮ ಮಾಡಿ, ಪೈಪಿನಿಂದ ನೀರೂ ಬಿಟ್ಟ. ಬಿಳಿ ಬಟ್ಟೆ ಮಡಚಿ ಗಡಿಗೆಯೊಳಗೆ ಹಾಕಿಕೊಂಡು ರೂಮಿಗೆ ಬಂದ. ನಾವು ಸಾಮಾನು ಕಟ್ಟುತ್ತಿದ್ದ ದಿನ ಸಂಜೆ ನೋಡಿದೆ, ಬಂಡೆಗೆ ಮತ್ತೆ ಕುಂಕುಮ ಬಿದ್ದಿತ್ತು. ಒಡೆದ ಕಾಯಿಯ ನೀರು ಇನ್ನೂ ಹಸಿಯಿತ್ತು.

ನನ್ನ ನೌಕರಿ ಹೋಗಲಿಲ್ಲ. ಶಾಲೆಯ ಡ್ರೈವರ್‌ಗಳ ರೂಮಿನಲ್ಲಿ ಒಂದು ಮಂಚ ಸಿಕ್ಕಿತು. ಮುಂದಿನ ಶನಿವಾರ ಮತ್ತೆ ಸರ್ ಮುಂದಿನ ಸೀಟಿಗೆ ಬಂದು ಕೂತರು. ಮಕ್ಕಳು ಹತ್ತುವ ಮೊದಲು ನಾನು ಅವರಿಗೆ ಅವ್ವ ಹೇಳಿದ್ದೆಲ್ಲ ಹೇಳಿದೆ. ಕಲ್ಲನ್ನು ಎತ್ತಿ ಇಟ್ಟಿದ್ದು, ಮಣ್ಣು ಒಯ್ದದ್ದು, ಪೈಪು. ಸರ್ ಗಮನವಿಟ್ಟು ಕೇಳಿದರು. ನನ್ನ ಹೆಗಲ ಮೇಲೆ ಕೈಯಿಟ್ಟರು.

"ನನಗೆ ನಂಬಿಕೆ ಇದೆಯಪ್ಪ. ಆದರೆ ಪಾಠಕ್ಕೆ ನಂಬಿಕೆ ಸಾಲುವುದಿಲ್ಲ. ಪುರಾವೆ ಬೇಕು. ಏನಾದರೂ ಇದೆಯಾ?"

"ನಮ್ಮವ್ವ ನೋಡ್ಯಾಳ ಸಾರ್."

"ನಿಮ್ಮಪ್ಪನೂ ತಾನೇ ಹೂಳಿದ್ದು ಅಂತಲೇ ಹೇಳಿದ್ದಲ್ಲವಾ?" ಎಂದರು. ಮೆತ್ತಗೆ ಹೇಳಿದರು. ಬೈದಿದ್ದರೆ ಚೆನ್ನಾಗಿತ್ತು.

ವ್ಯಾನ್ ಹೊರಟ ಮೇಲೆ ಹಿಂದಕ್ಕೆ ತಿರುಗಿ ಪಾಠ ಶುರು ಮಾಡಿದರು. ಹಳಬರು ಹೇಳುವುದನ್ನು ಕೇಳಬೇಕು, ಆದರೆ ಕೇಳಿದ್ದನ್ನೆಲ್ಲ ಚರಿತ್ರೆ ಎನ್ನಬಾರದು. ಒಂದೊಂದು ಏರಿಯಾದಲ್ಲೂ ಹೀಗೆ ಒಂದೊಂದು ಕಥೆ ಹುಟ್ಟುತ್ತದೆ. ಅಲ್ಲಿ ನಮಗೆ ಖಚಿತವಾಗಿ ಗೊತ್ತಿರುವುದು ಆ ಬಂಡೆ ಒಂದೇ, ಅದು ಅಲ್ಲೇ ಇತ್ತು, ಅಲ್ಲೇ ಇದೆ. ಆಮೇಲೆ ಹುಡುಗಿಯನ್ನು ಎಬ್ಬಿಸಿ ನಿಲ್ಲಿಸಿದರು. "ನೀನು ಹೇಳು, ನಾವು ಏನು ಕಲಿತೆವು?"

ಕನ್ನಡಿಯಲ್ಲಿ ಅವಳು ನನ್ನನ್ನು ನೋಡಿದಳು. "ಜನ ಹೇಳಿದ್ದನ್ನೆಲ್ಲ ನಂಬಬಾರದು ಸರ್. ಅಗೆದು ನೋಡಬೇಕು" ಎಂದಳು.

"ವೆರಿ ಗುಡ್" ಎಂದರು ಸರ್. ಮಕ್ಕಳು ಚಪ್ಪಾಳೆ ತಟ್ಟಿದರು. ನಾನು ಜೋರಾಗಿ ಬ್ರೇಕ್ ಹಾಕಿದೆ. ಸರ್ ತಲೆ ಗಾಜಿಗೆ ಬಡಿಯಿತು. ಎದುರಿಗೆ ಏನೂ ಇರಲಿಲ್ಲ.

ಇಳಿಯುವಾಗ ಅವಳು ಎಲ್ಲರಿಗಿಂತ ಹಿಂದೆ ನಿಂತಳು. "ಅಂಕಲ್, ಮಮ್ಮಿ ಹೊಡೀತಾಳ" ಎಂದಳು ಕನ್ನಡದಲ್ಲಿ, ಅವಳ ಮನೆಯ ಕನ್ನಡದಲ್ಲಿ. ನಾನು ಬಾಗಿಲು ಎಳೆದುಕೊಂಡೆ.

ಅಪ್ಪ ಅವ್ವ ಈಗ ಶಂಶಾಬಾದಿನಲ್ಲಿ ಮಾವನ ಜೊತೆ ಇದ್ದಾರೆ. ಭಾನುವಾರ ನಾನು ಹೋಗುತ್ತೇನೆ. ಮಾವ ಅಪ್ಪನಿಗೆ ಒಂದು ಸೈಟಿನಲ್ಲಿ ಸಿಮೆಂಟ್ ಕಾಯುವ ಕೆಲಸ ಕೊಡಿಸಿದ. ಅಪ್ಪ ಕಾಯುವುದಿಲ್ಲ. ಎಲ್ಲಿ ತಗ್ಗಿಗೆ ಮಣ್ಣು ತುಂಬಿ ಹೊಸ ಲೇಔಟ್ ಮಾಡಿದ್ದಾರೋ ಅಲ್ಲಿ ಹೋಗಿ ನಿಲ್ಲುತ್ತಾನೆ. ಹಳೆಯ ಟಿಪ್ಪರ್ ಡ್ರೈವರ್‌ಗಳನ್ನು ಹುಡುಕಿ ಮಾತಾಡಿಸುತ್ತಾನೆ. ಲಿಂಗಂಪಲ್ಲಿ ಕಡೆಯ ಮಣ್ಣು ಆಗ ಎಲ್ಲಿಗೆ ಸುರುವುತ್ತಿದ್ದಿರಿ ಎಂದು ಕೇಳುತ್ತಾನೆ. ಅವರು ನಗುತ್ತಾರೆ. ಇಡೀ ಊರಿಗೆ ಸುರುವಿದ್ದೇವೆ ಎನ್ನುತ್ತಾರೆ.

ಸಂಜೆ ಊಟಕ್ಕೆ ಕೂತಾಗ ಅವ್ವನನ್ನು ಕೇಳುತ್ತಾನೆ. ಅವಳ ಜೊತೆ ಆಡುವುದು ಈಗ ಅದೊಂದೇ ಮಾತು.

"ಗೇಟ್ ದಾಟಿ ಟಿಪ್ಪರ್ ಯಾವ ಕಡೆ ಹೊಳ್ಳಿತು?"

"ಎಡಕ್ಕ" ಎನ್ನುತ್ತಾಳೆ ಅವ್ವ.

ಮುಂದಿನ ವಾರ ನಾನು ಹೋದಾಗಲೂ ಕೇಳಿದ. "ಬಲಕ್ಕ" ಎಂದಳು. ಅಪ್ಪ ತಟ್ಟೆ ಬಿಟ್ಟು ಎದ್ದು, ನಾಳೆ ಯಾವ ಬಸ್ ಹಿಡಿಯಬೇಕು ಎಂದು ಮಾವನನ್ನು ಕೇಳಲು ಹೋದ.

"ಯಾಕವ್ವಾ ಒಂದೊಂದು ದಿನ ಒಂದೊಂದು ಹೇಳ್ತಿ?" ಎಂದೆ. "ನಿನಗ ನೆನಪಿಲ್ಲಾ?"

"ನೆನಪೈತಿ" ಎಂದಳು. ಅಪ್ಪ ಬಿಟ್ಟುಹೋದ ತಟ್ಟೆಯ ರೊಟ್ಟಿಯನ್ನು ಬುಟ್ಟಿಗೆ ಹಾಕಿ ಮುಚ್ಚಿದಳು. "ಅಡ್ಡಾಡ್ಲಿ ಬಿಡು. ನಾ ಇಷ್ಟು ವರ್ಷ ಒಬ್ಬಾಕೇ ಇಟ್ಕೊಂಡು ಕುಂತಿದ್ದಿಲ್ಲೇನು?"